ಜಾರುವುದಿಲ್ಲ, ಬಾಗುತ್ತದೆ: ತ್ರೀಡಿ ಮುದ್ರಿತ ಸೂಕ್ಷ್ಮದರ್ಶಕದ ಒಳಗುಟ್ಟು

ಅಡುಗೆಮನೆಯ ಇಕ್ಕಳದಲ್ಲಿ ಎರಡು ತುಂಡುಗಳಿರುತ್ತವೆ, ನಡುವೆ ಒಂದು ಮೊಳೆ. ಕೂದಲು ಕೀಳುವ ಚಿಮಟಿಗೆಯಲ್ಲಿ ಮೊಳೆಯೇ ಇಲ್ಲ. ಬಾಗಿಸಿದ ಒಂದೇ ಲೋಹದ ಪಟ್ಟಿ ಒತ್ತಿದಾಗ ಮಣಿಯುತ್ತದೆ, ಬಿಟ್ಟಾಗ ತಾನಾಗಿ ಮರಳುತ್ತದೆ. ಹೀಗೆ ಕೀಲು, ಬೇರಿಂಗ್‌ಗಳ ಹಂಗಿಲ್ಲದೆ ತನ್ನ ಮೈಯನ್ನೇ ಬಾಗಿಸಿ ಚಲಿಸುವ ಯಂತ್ರರಚನೆಗೆ ‘ಕಂಪ್ಲಯಂಟ್ ಮೆಕ್ಯಾನಿಸಂ’ ಎಂದೂ, ಅದರಲ್ಲಿನ ಬಾಗುವ ತೆಳು ಪಟ್ಟಿಗೆ ‘ಫ್ಲೆಕ್ಸರ್’ ಎಂದೂ ಹೆಸರು. ಬಿಲ್ಲಿನಷ್ಟು ಹಳೆಯದಾದ ಈ ತತ್ವಕ್ಕೆ ತ್ರೀಡಿ ಮುದ್ರಣ ಹೊಸ ಉಪಯೋಗವೊಂದನ್ನು ಒದಗಿಸಿದೆ. ಬ್ರಿಟನ್ನಿನಲ್ಲಿ ರೂಪುಗೊಂಡು ತಾಂಜಾನಿಯಾದಲ್ಲಿಯೂ ತಯಾರಾದ ‘ಓಪನ್‌ಫ್ಲೆಕ್ಸರ್’ ಸೂಕ್ಷ್ಮದರ್ಶಕ ಅದಕ್ಕೆ ಉತ್ತಮ ನಿದರ್ಶನ.

ಮುದ್ರಕದ ದೌರ್ಬಲ್ಯ

ಮೇಜಿನ ಮೇಲಿಡುವ ಸಾಧಾರಣ ತ್ರೀಡಿ ಮುದ್ರಕವು ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಬಹುತೇಕ 0.4 ಮಿಲಿಮೀಟರ್ ರಂಧ್ರದ ಮೂತಿಯಿಂದ ಹಿಂಡುತ್ತ, ಪದರದ ಮೇಲೆ ಪದರವಿಟ್ಟು ವಸ್ತುವನ್ನು ಕಟ್ಟುತ್ತದೆ. ಹಾಗೆ ಮೂಡಿದ ಮೇಲ್ಮೈ ಒರಟು. ರಂಧ್ರಗಳು ನಕ್ಷೆಯಲ್ಲಿದ್ದಷ್ಟೇ ಅಳತೆಗೆ ಬರುವುದು ಅಪರೂಪ. ತಿರುಗುವ ಕೀಲನ್ನು ಜೋಡಿಸಿದ ಸ್ಥಿತಿಯಲ್ಲಿಯೇ ಮುದ್ರಿಸಬಹುದಾದರೂ, ಎರಡು ಭಾಗಗಳು ಅಂಟಿಕೊಳ್ಳದಂತೆ ನಡುವೆ ಸುಮಾರು 0.3 ಮಿಲಿಮೀಟರ್ ಅಂತರ ಬಿಡಬೇಕಾಗುತ್ತದೆ. ಆಟಿಕೆಗೆ ಈ ಸಡಿಲ ಲೆಕ್ಕಕ್ಕಿಲ್ಲ.

ಆದರೆ ಮಲೇರಿಯಾ ಪತ್ತೆಗೆ ನೋಡಬೇಕಾದ ಕೆಂಪು ರಕ್ತಕಣದ ಅಗಲವೇ 7ರಿಂದ 8 ಮೈಕ್ರೋಮೀಟರ್. 0.3 ಮಿಲಿಮೀಟರ್ ಸಡಿಲದಲ್ಲಿ ಅಂತಹ ಸುಮಾರು 40 ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಪರಾವಲಂಬಿ ಜೀವಿ ಆ ಕಣದ ಒಳಗಿರುತ್ತದೆ. ಅದನ್ನು ಗುರುತಿಸಲು ಬಳಸುವ 100 ಪಟ್ಟು ವರ್ಧನೆಯ ಎಣ್ಣೆ ಮಸೂರದ ನಾಭಿ ಆಳ ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ. ಮುದ್ರಿತ ಪ್ಲಾಸ್ಟಿಕ್ ಗಾಡಿಯನ್ನು ಮುದ್ರಿತ ಹಳಿಯ ಮೇಲೆ ಜಾರಿಸಿ ಇಂತಹ ಸೂಕ್ಷ್ಮತೆಯನ್ನು ಸಾಧಿಸುವುದು ಆಗದ ಮಾತು.

ಬಾಗುವಿಕೆಯೇ ಉಪಾಯ

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಬೋಮನ್ ಮತ್ತು ಸಂಗಡಿಗರು 2016ರಲ್ಲಿ ‘ರಿವ್ಯೂ ಆಫ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿನ್ಯಾಸ ಈ ತೊಡಕನ್ನು ಬದಿಗೆ ಸರಿಸಿತು. ಅದರಲ್ಲಿ ಜಾರುವ ಭಾಗವೇ ಇಲ್ಲ. ಗಾಜಿನ ಪಟ್ಟಿಯನ್ನು ಹೊತ್ತ ಪೀಠವು ಕಾಲುಗಳ ಮೇಲೆ ನಿಂತಿದೆ. ಪ್ರತಿ ಕಾಲಿನ ಎರಡೂ ತುದಿಗಳಲ್ಲಿ ತೆಳು ಫ್ಲೆಕ್ಸರ್‌ಗಳಿದ್ದು, ಇಡೀ ರಚನೆ ಸಮಾಂತರ ಚತುರ್ಭುಜದಂತೆ ವಾಲುತ್ತದೆ. ಪೀಠ ಮಾತ್ರ ಓರೆಯಾಗದು. ತಳ, ಕಾಲು, ಪೀಠ ಎಲ್ಲವೂ ಒಂದೇ ತುಂಡಾಗಿ ಮುದ್ರಕದಿಂದ ಹೊರಬರುತ್ತವೆ.

ಕಾಲುಗಳನ್ನು ತಳ್ಳುವುದು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 3 ಮಿಲಿಮೀಟರ್ ತಿರುಪು. ಅದು ಒಂದು ಸುತ್ತು ತಿರುಗಿದರೆ ನಟ್ಟು 0.5 ಮಿಲಿಮೀಟರ್ ಸರಿಯುತ್ತದೆ. ಅಗ್ಗದ ಸ್ಟೆಪರ್ ಮೋಟರು ಆ ಸುತ್ತನ್ನು 4,096 ಹೆಜ್ಜೆಗಳಾಗಿ ಒಡೆಯುವುದರಿಂದ ಒಂದು ಹೆಜ್ಜೆಗೆ ನಟ್ಟಿನ ಚಲನೆ ಸುಮಾರು 0.12 ಮೈಕ್ರೋಮೀಟರ್ ಮಾತ್ರ. ಸನ್ನೆಯಂತೆ ವರ್ತಿಸುವ ಕಾಲುಗಳು ಅದನ್ನೂ ತಗ್ಗಿಸುತ್ತವೆ. ರಬ್ಬರಿನ ಉಂಗುರವೊಂದು ಬಿಗಿಯಾಗಿ ಎಳೆದು ಹಿಡಿದಿರುವುದರಿಂದ ತಿರುಪಿನ ಸಡಿಲವೂ ಕಾಡದು. ಪೀಠದ ಚಲನೆಯ ವ್ಯಾಪ್ತಿ 8×8×4 ಮಿಲಿಮೀಟರ್. ತಾಪಮಾನವನ್ನು ನಿಯಂತ್ರಿಸದೆಯೂ ಒಂದು ವಾರದಲ್ಲಿ ಅದು 20 ಮೈಕ್ರೋಮೀಟರಿಗಿಂತ ಕಡಿಮೆ ಕದಲಿತೆಂದು ತಂಡ ವರದಿ ಮಾಡಿತು. ಪ್ಲಾಸ್ಟಿಕ್ಕಿನ ಮಟ್ಟಿಗೆ ಇದು ಅಚ್ಚರಿಯ ಸಾಧನೆಯೇ ಸರಿ.

ದಪ್ಪ, ದಿಕ್ಕು, ದಣಿವು

ಫ್ಲೆಕ್ಸರ್ ರಚನೆಯಲ್ಲಿ ದಪ್ಪದ ಪಾತ್ರ ದೊಡ್ಡದು. ಪಟ್ಟಿಯ ಬಾಗು ಬಿಗುವು ದಪ್ಪದ ಘನಕ್ಕೆ ಅನುಗುಣ. ದಪ್ಪ ಅರ್ಧವಾದರೆ ಬಿಗುವು ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಅಷ್ಟೇ ಬಾಗಿಸಿದಾಗ ಮೇಲ್ಮೈಯಲ್ಲಿ ಉಂಟಾಗುವ ಎಳೆತವೂ ಅರ್ಧಕ್ಕಿಳಿದು, ಬಿರುಕಿನ ಭಯ ಕಡಿಮೆಯಾಗುತ್ತದೆ. ಕೆಲವೇ ಪದರ ದಪ್ಪದ ಪಟ್ಟಿಯನ್ನು ಮುದ್ರಿಸಬಲ್ಲ ಯಂತ್ರಕ್ಕೆ ಇದು ವರದಾನ.

ದಿಕ್ಕಿನ ವಿಚಾರದಲ್ಲಿ ಎಚ್ಚರ ತಪ್ಪುವಂತಿಲ್ಲ. ಪದರ ಪದರಗಳ ನಡುವಿನ ಅಂಟು ದುರ್ಬಲ. ನಿಲ್ಲಿಸಿ ಮುದ್ರಿಸಿದ ತೆಳು ಪಟ್ಟಿ ಬಾಗಿಸಿದೊಡನೆ ಪದರದ ಗೆರೆಯಲ್ಲಿಯೇ ಮುರಿಯಬಹುದು. ಆದ್ದರಿಂದ ಈ ಸೂಕ್ಷ್ಮದರ್ಶಕದಲ್ಲಿ ಫ್ಲೆಕ್ಸರ್‌ಗಳನ್ನು ಮಲಗಿಸಿ ಮುದ್ರಿಸಲಾಗುತ್ತದೆ. ಎಳೆಗಳು ಎರಡು ಗೋಡೆಗಳ ನಡುವೆ ಸೇತುವೆಯಂತೆ ಹಾಯುತ್ತವೆ, ಅಡಿಯಲ್ಲಿ ಆಧಾರ ಕಟ್ಟಿ ಆಮೇಲೆ ಕಿತ್ತೆಸೆಯುವ ಕೆಲಸವೂ ಉಳಿಯುತ್ತದೆ. ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ, ದೀರ್ಘಕಾಲ ಬಾಗಿಸಿಯೇ ಇಟ್ಟರೆ ನಿಧಾನವಾಗಿ ಆ ಆಕಾರಕ್ಕೇ ಒಗ್ಗಿಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ವಾಹನದೊಳಗೆ ಇದನ್ನು ಬಿಟ್ಟುಹೋಗುವುದು ತರವಲ್ಲ.

ಕರ್ನಾಟಕದಲ್ಲಿಯೂ ಈ ಶಾಸ್ತ್ರಕ್ಕೆ ನೆಲೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜಿ.ಕೆ. ಅನಂತಸುರೇಶ್ ಕಂಪ್ಲಯಂಟ್ ಮೆಕ್ಯಾನಿಸಂಗಳ ಗಣಿತಾಧಾರಿತ ವಿನ್ಯಾಸದಲ್ಲಿ ಹೆಸರು ಮಾಡಿದವರು. 2010ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ರಿಪೇರಿಯ ಪ್ರಶ್ನೆ

ಮಲೇರಿಯಾದ ಹೊರೆಯ ಬಹುಭಾಗವನ್ನು ಹೊತ್ತಿರುವುದು ಆಫ್ರಿಕಾ ಖಂಡ. ಅಲ್ಲಿನ ಅನೇಕ ಚಿಕಿತ್ಸಾಲಯಗಳಿಗೆ ಸೂಕ್ಷ್ಮದರ್ಶಕದ ಬೆಲೆಯೊಂದೇ ಸಮಸ್ಯೆಯಲ್ಲ. ಕೆಟ್ಟಾಗ ಬಿಡಿಭಾಗ ವಿದೇಶದಿಂದ ಬರಬೇಕು, ಬರುವವರೆಗೆ ಉಪಕರಣ ಮೂಲೆ ಸೇರುತ್ತದೆ. ಓಪನ್‌ಫ್ಲೆಕ್ಸರ್‌ನ ವಿನ್ಯಾಸ ಕಡತಗಳು ಮುಕ್ತವಾಗಿ ಲಭ್ಯವಿರುವುದರಿಂದ, ತಾಂಜಾನಿಯಾದ ತಂತ್ರಜ್ಞರು ದಾರ್ ಎಸ್ ಸಲಾಮ್‌ನಲ್ಲಿಯೇ ಅದನ್ನು ತಯಾರಿಸಿದರು. ಇಫಕಾರಾ ಆರೋಗ್ಯ ಸಂಸ್ಥೆ ಈ ಕಾರ್ಯದಲ್ಲಿ ಕೈಜೋಡಿಸಿತು. ತಾಂಜಾನಿಯಾ ಮತ್ತು ಕೀನ್ಯಾಗಳಲ್ಲಿ ನೂರಕ್ಕೂ ಹೆಚ್ಚು ಸೂಕ್ಷ್ಮದರ್ಶಕಗಳನ್ನು ನಿರ್ಮಿಸಲಾಗಿದೆಯೆಂದು 2020ರ ಸಂಶೋಧನಾ ಪ್ರಬಂಧ ತಿಳಿಸಿತು.

ಮುದ್ರಿಸಿದ ಮಾತ್ರಕ್ಕೆ ಅದು ವೈದ್ಯಕೀಯ ಸಾಧನವಾಗದು. ರೋಗನಿರ್ಣಯಕ್ಕೆ ಬಳಸಬೇಕಾದರೆ ಗುಣಮಟ್ಟದ ದಾಖಲೆ, ಪರೀಕ್ಷೆ, ಆಯಾ ದೇಶದ ಅನುಮತಿ ಎಲ್ಲವೂ ಅಗತ್ಯ. ಕಡತ ಉಚಿತವಾಗಿ ದೊರೆತರೂ ಈ ಹಾದಿ ಉಚಿತವಲ್ಲ. ಒಂದೇ ತುಂಡಿನ ರಚನೆಗೆ ಮತ್ತೊಂದು ಮಿತಿಯೂ ಉಂಟು: ಫ್ಲೆಕ್ಸರ್ ಒಂದು ಸೀಳಿದರೂ ಅದೊಂದನ್ನೇ ಬದಲಿಸಲಾಗದು. ಇಡೀ ಒಡಲನ್ನು ಹಲವು ಗಂಟೆ ಹಿಡಿದು ಮರುಮುದ್ರಿಸಿ, ಹಳೆಯದರ ಮಸೂರ, ಕ್ಯಾಮೆರಾ ಮತ್ತು ಮೋಟರುಗಳನ್ನು ಅದಕ್ಕೆ ಜೋಡಿಸಿಕೊಳ್ಳಬೇಕು.