ಗೆದ್ದವರ ತಪ್ಪನ್ನು ಬರೆದವರು ಯಾರು? ರಾಯಚೂರು ಸೀಮೆಯಿಂದ ಒಂದು ಟಿಪ್ಪಣಿ

1520ರ ರಾಯಚೂರು ಕಾಳಗದ ಅತಿ ವಿಸ್ತಾರವಾದ ವರ್ಣನೆ ನಮಗೆ ಸಿಗುವುದು ಒಬ್ಬ ಕುದುರೆ ವ್ಯಾಪಾರಿಯಿಂದ. ಪೋರ್ಚುಗಲ್ಲಿನ ಫೆರ್ನಾವ್ ನೂನಿಜ್ ವಿಜಯನಗರದಲ್ಲಿ ಇದ್ದದ್ದು ಅಚ್ಯುತರಾಯನ ಆಳ್ವಿಕೆಯಲ್ಲಿ. ಅಷ್ಟರಲ್ಲಿ ಆ ಕಾಳಗ ಗೆದ್ದ ಕೃಷ್ಣದೇವರಾಯ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನೂನಿಜ್ ಬರೆದದ್ದು ಕೇಳಿದ್ದನ್ನು, ಕಂಡದ್ದನ್ನಲ್ಲ. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ನೂನಿಜ್ ಕೊಟ್ಟ 1522ರ ಇಸವಿಯನ್ನು ತಿದ್ದಿ, ಕಾಳಗ ನಡೆದದ್ದು 1520ರ ಮೇ 19ರಂದು ಎಂದು ತೋರಿಸಿದವನೂ ಅವನೇ. ರಾಯನ ಸೈನ್ಯದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಕಾಲಾಳುಗಳು, ಐನೂರಕ್ಕೂ ಹೆಚ್ಚು ಆನೆಗಳು ಎಂಬ ಲೆಕ್ಕ, ಕೋಟೆಯ ಗೋಡೆಯ ಮೇಲಿದ್ದವರನ್ನು ಬಂದೂಕಿನಿಂದ ಉರುಳಿಸಿದ ಕ್ರಿಸ್ಟೊವಾವ್ ದ ಫಿಗೈರೆದೊನ ಸಾಹಸ, ಇವೆಲ್ಲ ನಮಗೆ ಬಂದದ್ದು ಈ ಬರಹದಿಂದ. ಗೆಲುವಿನ ಕಥೆಯನ್ನು ಇಷ್ಟು ಧಾರಾಳವಾಗಿ ಎತ್ತಿಕೊಳ್ಳುವ ನಾವು ಅದರ ಮುಂದಿನ ಪುಟಗಳಿಗೆ ಬಂದಾಗ ಮಾತ್ರ ಪರದೇಶಿ ವ್ಯಾಪಾರಿಯ ಮಾತು ಎಂದು ಮುಖ ತಿರುಗಿಸುತ್ತೇವೆ. ಈ ಟಿಪ್ಪಣಿ ಆ ಪುಟಗಳ ಕುರಿತು.

ಮೊದಲು ನದಿ. ಸೋತ ಬಿಜಾಪುರದ ಸೈನ್ಯ ಕೃಷ್ಣೆಯ ಕಡೆಗೆ ಓಡಿತು, ನೀರಿಗೆ ಬಿದ್ದವರನ್ನೂ ಅಟ್ಟಿಸಿಕೊಂಡು ಹೋಗಿ ಕೊಂದರು ಎನ್ನುತ್ತಾನೆ ನೂನಿಜ್. ಆಗ ರಾಯ ತನ್ನವರನ್ನು ತಡೆದು, ತಪ್ಪಿಲ್ಲದವರು ಬಹಳ ಮಂದಿ ಸತ್ತರು, ಸಾಕು ಎಂದನಂತೆ. ಕಾಳಗ ನಡೆದದ್ದು ದೇವಸುಗೂರಿನ ಬಳಿ ಎಂದು ನಾನು ವಾದಿಸುತ್ತಿಲ್ಲ. ಆದರೆ ಮೇ ತಿಂಗಳ ಕೃಷ್ಣೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ದೇವಸುಗೂರಿನ ಸೇತುವೆಯ ಮೇಲೆ ನಿಲ್ಲಬೇಕು. ಹಿಂದೆ ಶಕ್ತಿನಗರದ ಚಿಮಣಿಗಳು, ಇತ್ತ ಸೂಗೂರೇಶ್ವರನ ಗುಡಿ, ಕೆಳಗೆ ಬಂಡೆಗಳ ಸಂದಿನಲ್ಲಿ ಹರಿಯುವ ನೀರು. ಗಾಬರಿಯಲ್ಲಿ ಓಡಿಬಂದ ದಂಡಿಗೆ ಆ ನೀರು ಎಷ್ಟು, ಆ ಬಂಡೆ ಎಷ್ಟು ಎಂದು ಅಲ್ಲಿ ನಿಂತಾಗ ಅಂದಾಜು ಸಿಗುತ್ತದೆ.

ನದಿಯ ದಡದಲ್ಲಿ ಕೈ ತಡೆದ ಇದೇ ಅರಸನ ಇನ್ನೊಂದು ಮುಖ ಸೆರೆಯಾಳು ಸಲಾಬತ್ ಖಾನನ ಪ್ರಸಂಗದಲ್ಲಿದೆ. ಬಿಜಾಪುರದ ಈ ಸೇನಾನಿ ಕೊನೆಯವರೆಗೂ ಹೋರಾಡಿ ಸಿಕ್ಕಿಬಿದ್ದವನು. ಸಂಧಿಯ ಮಾತು ನಡೆದಾಗ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು ರಾಯ ಹಟ ಹಿಡಿದ. ರಾಯಭಾರಿಯಾಗಿ ಬಂದ ಅಸದ್ ಖಾನನಿಗೆ ಒಂದು ಅಳುಕಿತ್ತು: ಸಲಾಬತ್ ಖಾನ್ ಬಿಡುಗಡೆಯಾಗಿ ಊರು ಸೇರಿದರೆ ಸೋಲಿಗೆ ತಾನೇ ಕಾರಣನೆಂದು ಹೊರಬಂದೀತು. ಅದಕ್ಕೆ ಒಂದು ಸುಳ್ಳು ಹೆಣೆದ. ಒಡೆಯ ಪಾದಕ್ಕೆ ಬೀಳಲು ಸಿದ್ಧನಿದ್ದಾನೆ, ಬೇಡವೆಂದು ಗುಟ್ಟಾಗಿ ಹೇಳಿಕಳಿಸುತ್ತಿರುವವನು ನಿಮ್ಮ ಸೆರೆಯಲ್ಲಿರುವ ಸಲಾಬತ್ ಖಾನ್ ಎಂದ. ರಾಯ ನಂಬಿದ. ವಿಚಾರಣೆ ಇಲ್ಲದೆ ಸೆರೆಯಾಳಿನ ಕೊಲೆಗೆ ಅಪ್ಪಣೆ ಹೋಯಿತು. ಸಿಟ್ಟು, ಬಿಂಕ, ಕಿವಿ ಹಗುರ: ಮೂರೂ ಒಂದೇ ಪ್ರಸಂಗದಲ್ಲಿ ಕೂಡಿವೆ. ಕನ್ನಡದ ಪಠ್ಯಪುಸ್ತಕ ಓದಿ ಬೆಳೆದ ನನಗೆ ಸಲಾಬತ್ ಖಾನನ ಹೆಸರು ಮೊದಲು ಸಿಕ್ಕಿದ್ದು ಸೀವೆಲ್‌ನ ಪುಟದಲ್ಲಿ.

ರಾಯನ ಮಂತ್ರಿ ತಿಮ್ಮರಸನ ಕಥೆ ಎಲ್ಲರಿಗೂ ಗೊತ್ತು. ನೂನಿಜ್ ಪ್ರಕಾರ, ರಾಯ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಎಂಟು ತಿಂಗಳ ಉತ್ಸವದ ನಡುವೆ ಮಗು ಕಾಯಿಲೆ ಬಿದ್ದು ಸತ್ತಿತು. ವಿಷ ಹಾಕಿಸಿದವನು ತಿಮ್ಮರಸನ ಮಗ ಎಂಬ ಮಾತು ರಾಯನ ಕಿವಿಗೆ ಬಿತ್ತು. ಮಂತ್ರಿಯ ಮನೆಮಂದಿಯೇ ಸೆರೆಗೆ ಹೋದರು. ಮೂರು ವರ್ಷದ ಮೇಲೆ, ಮಗನೊಬ್ಬ ತಪ್ಪಿಸಿಕೊಂಡು ದಂಗೆಯೆದ್ದ ಬಳಿಕ, ಕಣ್ಣು ಕೀಳಿಸಿದರು. ಆ ಮಗು ಕಲ್ಪನೆಯದಲ್ಲ, ತಿರುಮಲರಾಯನ ಹೆಸರಿನಲ್ಲಿ 1524ರ ಶಾಸನಗಳಿವೆ. ನೂನಿಜ್ ಇದಕ್ಕೂ ಹಿಂದೆ ಇನ್ನೊಂದು ಸಂಗತಿ ಹೇಳಿದ್ದಾನೆ. ಹಿಂದಿನ ಅರಸ ವೀರನರಸಿಂಹ ಸಾಯುವಾಗ ತಮ್ಮ ಕೃಷ್ಣರಾಯನ ಕಣ್ಣು ಕೀಳಿಸಿ ತಂದು ತೋರಿಸೆಂದು ಇದೇ ತಿಮ್ಮರಸನಿಗೆ ಆಜ್ಞೆ ಕೊಟ್ಟ, ತಿಮ್ಮರಸ ಆಡಿನ ಕಣ್ಣು ತೋರಿಸಿ ಕೃಷ್ಣರಾಯನನ್ನು ಉಳಿಸಿದ. ಎರಡು ಕಣ್ಣಿನ ಕಥೆಗಳು ಇಷ್ಟು ಅಚ್ಚುಕಟ್ಟಾಗಿ ಎದುರುಬದುರು ಕೂತರೆ ಸಂಶೋಧಕನಿಗೆ ಸಂಶಯ ಬರಬೇಕು. ಜನರ ಬಾಯಲ್ಲಿ ಉರುಳಿ ಉರುಳಿ ನುಣುಪಾದ ಕಥೆಯ ಲಕ್ಷಣ ಅದು. ಆಡಿನ ಕಣ್ಣನ್ನು ನಾನು ಆ ಸಂಶಯದಲ್ಲೇ ಇಡುತ್ತೇನೆ. ಸಲಾಬತ್ ಖಾನನ ಕೊಲೆಗೆ ಅಂಥ ಕಥೆಯ ಅಂದವಿಲ್ಲ. ಅದನ್ನು ಹೆಚ್ಚು ನಂಬಲು ನನಗಿರುವ ಕಾರಣಗಳಲ್ಲಿ ಅದೂ ಒಂದು.

ತಿಮ್ಮರಸನ ಕಣ್ಣಿನ ಪಾಪವನ್ನು ನಂತರದವರು ರಾಯನ ಮೇಲಿಂದ ಇಳಿಸಿದ ಬಗೆಯನ್ನು 1962ರ ತೆಲುಗು ಸಿನಿಮಾ ‘ಮಹಾಮಂತ್ರಿ ತಿಮ್ಮರುಸು’ವಿನಲ್ಲಿ ನೋಡಬಹುದು. ಅಲ್ಲಿ ತಪ್ಪು ಒಡಿಶಾದ ಅರಸ ಗಜಪತಿಯ ಕಡೆಯ ಸಂಚಿನದು, ರಾಯ ಮೋಸಹೋದವನು ಮಾತ್ರ.

ಇದರ ಪಕ್ಕದಲ್ಲಿ ಸೋತವರ ಬರಹವನ್ನು ಇಟ್ಟು ನೋಡಬೇಕು. ಬಿಜಾಪುರದ ಆಶ್ರಯದಲ್ಲೇ ಇತಿಹಾಸ ಬರೆದ ಫೆರಿಶ್ತಾ ತನ್ನ ಪೋಷಕರ ವಂಶದ ಇಸ್ಮಾಯಿಲನ ದೌರ್ಬಲ್ಯವನ್ನು ಮುಚ್ಚಿಟ್ಟಿಲ್ಲ. ಕುಡಿದ ಅಮಲಿನಲ್ಲಿ, ಸಿದ್ಧತೆ ಸಾಲದೆ, ಸೈನ್ಯವನ್ನು ಆನೆಗಳ ಮೇಲೆ ಕೃಷ್ಣೆ ದಾಟಿಸಿದ್ದೇ ಸೋಲಿಗೆ ಕಾರಣ ಎಂದಿದ್ದಾನೆ. ರಾಯಚೂರು, ಮುದಗಲ್ಲು ಮರಳಿ ಕೈಸೇರುವವರೆಗೆ ಮದ್ಯ ಮುಟ್ಟುವುದಿಲ್ಲ ಎಂದು ಇಸ್ಮಾಯಿಲ್ ಆಣೆ ಮಾಡಿದನಂತೆ. ಕೃಷ್ಣದೇವರಾಯನ ಸಾವಿನ ನಂತರ ಎರಡೂ ಕೋಟೆಗಳು ಸಿಕ್ಕವು, ಔತಣವೂ ನಡೆಯಿತು. ಆದರೆ ಫೆರಿಶ್ತಾನನ್ನು ತೀರಾ ನಿಷ್ಠುರವಾದಿ ಎಂದು ಹೊಗಳಲಾರೆ. ಸೋಲಿಗೆ ಕುಡಿತವೇ ಕಾರಣವಾದರೆ ಎದುರಾಳಿಯ ಪರಾಕ್ರಮ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದಲ್ಲ.

ತಮ್ಮವರ ತಪ್ಪನ್ನು ಹೇಳುವುದಕ್ಕೆ ಇದೇ ಸೀಮೆಯಲ್ಲಿ ಮೂರನೆಯ ಬಗೆಯೊಂದಿದೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ಬರಲಿಲ್ಲ. ನೆಪ ನಿಜವಾಯಿತು, ನೋವು ಹಿಡಿದುಬಿಟ್ಟಿತು. ಕೊನೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಕೊಟ್ಟು ಉಳಿಸಿದರು. ಆಚಾರ್ಯರು ಜಗನ್ನಾಥದಾಸರಾಗಿ ಕನ್ನಡದಲ್ಲೇ, ಷಟ್ಪದಿಯಲ್ಲೇ, ಮೂವತ್ತೆರಡು ಸಂಧಿಗಳ ‘ಹರಿಕಥಾಮೃತಸಾರ’ ರಚಿಸಿದರು. ಕಥೆಯಲ್ಲಿ ಪವಾಡದ ಭಾಗ ಭಕ್ತರಿಗೆ ಬಿಟ್ಟದ್ದು. ನನಗೆ ಬೇಕಾದದ್ದು ಇಷ್ಟೆ: ವಿಜಯದಾಸರು ತೀರಿಕೊಂಡದ್ದು 1755ರಲ್ಲಿ. ಹಾಗಾಗಿ ಊಟ ತಪ್ಪಿಸಿದ ಪಂಡಿತನಿಗೆ ಇಪ್ಪತ್ತೇಳರ ಆಚೀಚೆಗಿಂತ ಹೆಚ್ಚು ವಯಸ್ಸಿರಲಾರದು. ಓದಿನ ಬಿಸಿ ಇನ್ನೂ ಆರಿರದ ಪ್ರಾಯ.

ದಾಸಪರಂಪರೆ ತನ್ನ ಹಿರಿಯನ ಅಹಂಕಾರವನ್ನು ಮುಚ್ಚಲಿಲ್ಲ, ಮಾನ್ವಿಯಲ್ಲಿ ಇಂದಿಗೂ ಹರಿಕಥೆ ಹೇಳುವವರು ಅದನ್ನು ಮೊದಲಿಗೇ ಹೇಳುತ್ತಾರೆ. ಇದನ್ನು ಮಾದರಿ ಎಂದು ಎತ್ತಿಹಿಡಿಯುವ ಆಸೆ ನನಗೂ ಆಗಿತ್ತು. ಆದರೆ ಒಂದು ತೊಡಕಿದೆ. ಇಲ್ಲಿ ಅವಮಾನಗೊಂಡವರೂ ದೊಡ್ಡವರು, ಅವರೇ ದಾರಿ ತೋರಿದರು, ನೋವು ಅನುಭವಿಸಿದವನು ತಪ್ಪು ಮಾಡಿದವನೇ. ಕ್ಷಮೆ ಆಗಲೇ ಸಿಕ್ಕಿರುವ ತಪ್ಪನ್ನು ಹೇಳಿಕೊಳ್ಳುವುದು ಕಷ್ಟವಲ್ಲ. ಸಲಾಬತ್ ಖಾನನ ಪ್ರಸಂಗದಲ್ಲಿ ಕ್ಷಮಿಸಬೇಕಾದವನು ಉಳಿದಿಲ್ಲ, ಅವನ ಪರವಾಗಿ ಹಾಡುವ ಪರಂಪರೆಯೂ ಇಲ್ಲ. ಅವನ ಸಾವಿನ ಕಥೆಯನ್ನು ಕುದುರೆ ಮಾರಲು ಬಂದವನೊಬ್ಬ ಬರೆದಿಟ್ಟ, ಅವನಿಗೆ ರಾಯನೂ ಬೇರೆಯವನು, ಖಾನನೂ ಬೇರೆಯವನು.

ಅದೇ ಸಂಧಿಯ ಮಾತಿನ ನಡುವೆ ರಾಯ ಮುದಗಲ್ಲಿಗೆ ಬಂದು ಆದಿಲ್ ಶಾಹನ ದಾರಿ ಕಾದ. ಪಾದಕ್ಕೆ ಮುತ್ತಿಡಬೇಕಾದವನು ಬರಲೇ ಇಲ್ಲ. ರಾಯ ಬಿಜಾಪುರಕ್ಕೇ ನಡೆದ. ಅಲ್ಲಿ ಅವನ ದಂಡು ಸೌದೆಗಾಗಿ ಮನೆಗಳನ್ನು ಕಿತ್ತಿತು. ಆದಿಲ್ ಶಾಹ ಹೇಳಿಕಳಿಸಿ ಕೇಳಿದಾಗ, ತಾನು ಮಾಡಿಸಿದ್ದಲ್ಲ, ಜನರನ್ನು ತಡೆಯಲಾಗಲಿಲ್ಲ ಎಂದು ಉತ್ತರ ಬಂತು.