ತೀವ್ರ ವೈರಾಣು ಸೋಂಕಿನ ನಂತರದ ಹೃದಯ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಸಮಸ್ಯೆಗಳು

ತೀವ್ರ ವೈರಾಣು ಸೋಂಕಿನಿಂದ ಚೇತರಿಸಿಕೊಂಡ ಕೆಲವರಲ್ಲಿ ವಾರಗಳು ಅಥವಾ ತಿಂಗಳುಗಳ ಬಳಿಕವೂ ಹೃದಯ ಹಾಗೂ ರಕ್ತನಾಳಗಳ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಹೃದಯಾಘಾತ, ಹೃದಯ ವೈಫಲ್ಯ, ಹೃದಯ ಬಡಿತದ ಏರುಪೇರು, ಪಾರ್ಶ್ವವಾಯು ಹಾಗೂ ಕಾಲಿನ ಅಭಿಧಮನಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಇವುಗಳಲ್ಲಿ ಪ್ರಮುಖವಾದವು. 2020ರ ಮಾರ್ಚ್‌ನಲ್ಲಿ ಕೋವಿಡ್-19 ಕೊಡಗು ಜಿಲ್ಲೆಯನ್ನು ತಲುಪಿದ ನಂತರ ಈ ವಿಷಯವು ಅಲ್ಲಿಯೂ ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಯಿತು.

ಹಿನ್ನೆಲೆ

ವೈರಾಣು ಸೋಂಕಿಗೂ ಹೃದ್ರೋಗಕ್ಕೂ ಇರುವ ನಂಟು ಕೋವಿಡ್‌ಗಿಂತ ಹಳೆಯದು. ಕಾಕ್ಸಾಕಿ ಬಿ ವೈರಾಣುಗಳು ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟುಮಾಡುತ್ತವೆ. ಕೆಲವರಲ್ಲಿ ಇದು ಮುಂದೆ ಹೃದಯ ಹಿಗ್ಗಿ ದುರ್ಬಲವಾಗಲು ಕಾರಣವಾಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಇನ್‌ಫ್ಲುಯೆಂಜಾ ದೃಢಪಟ್ಟ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು 6 ಪಟ್ಟು ಹೆಚ್ಚಿರುತ್ತದೆ.

ಕಾರಣಗಳು

ರಕ್ತನಾಳಗಳ ಒಳಪದರವು ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಸೋಂಕಿನಿಂದಾಗಿ ಈ ಪದರಕ್ಕೆ ಹಾನಿಯಾದಾಗ ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟಿಕೊಳ್ಳುತ್ತವೆ. ದೇಹದ ಪ್ರತಿರಕ್ಷಣಾ ಪ್ರತಿಕ್ರಿಯೆಯು ಹೆಪ್ಪುಗಟ್ಟುವ ಕ್ರಿಯೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಬಹುದಿನ ಹಾಸಿಗೆ ಹಿಡಿದಿರುವ ರೋಗಿಯ ಕಾಲುಗಳಲ್ಲಿ ರಕ್ತಸಂಚಾರ ನಿಧಾನಗೊಳ್ಳುವುದೂ ಇದಕ್ಕೆ ಕೂಡುತ್ತದೆ. ಅಲ್ಲಿ ರೂಪುಗೊಂಡ ಹೆಪ್ಪು ಕಳಚಿ ಶ್ವಾಸಕೋಶವನ್ನು ತಲುಪಿದರೆ ಪ್ರಾಣಾಪಾಯ ಸಂಭವಿಸಬಹುದು.

ಎಲ್ಲ ವೈರಾಣುಗಳ ಪರಿಣಾಮ ಒಂದೇ ಬಗೆಯದಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಳು ಕುಸಿದು ರಕ್ತಸ್ರಾವದ ಅಪಾಯವಿರುತ್ತದೆ. ಆದ್ದರಿಂದ ಜ್ವರ ಬಂದಾಗ ವೈದ್ಯರ ಸಲಹೆಯಿಲ್ಲದೆ ಆಸ್ಪಿರಿನ್ ಸೇವಿಸುವುದು ಅಪಾಯಕಾರಿ.

ಅಧ್ಯಯನಗಳು

ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು ಕೋವಿಡ್ ತಗುಲಿದ್ದ 1,53,760 ಜನರನ್ನು ಗಮನಿಸಿತು. ಸೋಂಕಿನ ನಂತರದ ಒಂದು ವರ್ಷದಲ್ಲಿ ಹೃದಯ ವೈಫಲ್ಯದ ಸಂಭವ ಸುಮಾರು 1.7 ಪಟ್ಟು, ಶ್ವಾಸಕೋಶದ ರಕ್ತಹೆಪ್ಪಿನ ಸಂಭವ ಸುಮಾರು 2.9 ಪಟ್ಟು ಇತ್ತು. ಆಸ್ಪತ್ರೆಗೆ ದಾಖಲಾಗದವರಲ್ಲೂ ಅಪಾಯ ಹೆಚ್ಚಿದ್ದರೂ, ತೀವ್ರ ನಿಗಾ ಘಟಕದಲ್ಲಿದ್ದವರಲ್ಲಿ ಅದು ಅತ್ಯಧಿಕವಾಗಿತ್ತು. ಅಧ್ಯಯನಕ್ಕೆ ಒಳಪಟ್ಟವರಲ್ಲಿ ಹೆಚ್ಚಿನವರು ವಯಸ್ಸಾದ ಪುರುಷರಾಗಿದ್ದುದರಿಂದ ಈ ಅಂಕಿಗಳನ್ನು ಎಲ್ಲರಿಗೂ ನೇರವಾಗಿ ಅನ್ವಯಿಸಲಾಗದು. ಅದೇ ವರ್ಷ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಕಾಲಿನ ರಕ್ತಹೆಪ್ಪಿನ ಹೆಚ್ಚುವರಿ ಅಪಾಯ 3 ತಿಂಗಳವರೆಗೆ, ಶ್ವಾಸಕೋಶದ್ದು 6 ತಿಂಗಳವರೆಗೆ ಕಂಡುಬಂದಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 18ರಿಂದ 45 ವರ್ಷದವರ ಹಠಾತ್ ಸಾವುಗಳ ಕುರಿತು ನಡೆಸಿದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ ಹಾಗೂ ಅತಿಯಾದ ಮದ್ಯಪಾನ ಮುಂತಾದವು ಅಪಾಯವನ್ನು ಹೆಚ್ಚಿಸುವ ಅಂಶಗಳೆಂದೂ, ಲಸಿಕೆಯು ಅಪಾಯವನ್ನು ಹೆಚ್ಚಿಸಲಿಲ್ಲವೆಂದೂ ಅದು ತಿಳಿಸಿತು.

2025ರಲ್ಲಿ ಕೊಡಗಿನ ನೆರೆಯ ಹಾಸನ ಜಿಲ್ಲೆಯಲ್ಲಿ ಸಂಭವಿಸಿದ ಹಠಾತ್ ಸಾವುಗಳು ಜನರಲ್ಲಿ ಆತಂಕ ಮೂಡಿಸಿದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಯು ಆ ಸಂಸ್ಥೆಯ 251 ರೋಗಿಗಳನ್ನು ಅಧ್ಯಯನ ಮಾಡಿತು. ಅವರಲ್ಲಿ 19 ಮಂದಿಗೆ ಮಾತ್ರ ಹಿಂದೆ ಕೋವಿಡ್ ಬಂದಿತ್ತು; 111 ಮಂದಿ ಧೂಮಪಾನಿಗಳು, 102 ಮಂದಿಗೆ ಅಧಿಕ ರಕ್ತದೊತ್ತಡವಿತ್ತು. ಅಕಾಲಿಕ ಹೃದ್ರೋಗಕ್ಕೂ ಹಿಂದಿನ ಕೋವಿಡ್ ಸೋಂಕು ಅಥವಾ ಲಸಿಕೆಗೂ ಸಂಬಂಧ ಕಂಡುಬಂದಿಲ್ಲವೆಂದು ಸಮಿತಿ ವರದಿ ನೀಡಿತು. ಅಮೆರಿಕ ಮತ್ತು ಸ್ವೀಡನ್ನಿನ ಅಧ್ಯಯನಗಳು ಸೋಂಕಿನ ನಂತರದ ತಿಂಗಳುಗಳನ್ನು ಕುರಿತವು. ಈ ವರದಿಯಾದರೋ ಸೋಂಕಿನ ಅಲೆಗಳು ಮುಗಿದು ವರ್ಷಗಳಾದ ಮೇಲಿನದು. ಹೀಗಾಗಿ ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ.

ಕೊಡಗಿನ ಪರಿಸ್ಥಿತಿ

ಮಡಿಕೇರಿಯಲ್ಲಿ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಜಿಲ್ಲೆಯ ಮುಖ್ಯ ಸರ್ಕಾರಿ ಚಿಕಿತ್ಸಾ ಕೇಂದ್ರವಾಗಿದೆ. ಹೆಚ್ಚಿನ ಹೃದ್ರೋಗ ಚಿಕಿತ್ಸೆಗಾಗಿ ರೋಗಿಗಳು ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಅಥವಾ ಘಟ್ಟ ಇಳಿದು ಮಂಗಳೂರಿಗೆ ಹೋಗುವುದು ರೂಢಿ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಮಂಗಳೂರು ಹೆದ್ದಾರಿ ಕಡಿದುಹೋಗಿತ್ತು. ಕಾಫಿ ತೋಟಗಳ ಲೈನ್‌ಮನೆಗಳಿಂದ ಮುಖ್ಯರಸ್ತೆ ತಲುಪುವುದಕ್ಕೂ ಸಮಯ ಬೇಕಾಗುತ್ತದೆ.

ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಇಂತಹ ವಿಳಂಬವನ್ನು ತಗ್ಗಿಸುವ ಉದ್ದೇಶ ಹೊಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ಪರಿಶೀಲಿಸುತ್ತಾರೆ. ಹೃದಯಾಘಾತ ಖಚಿತವಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ.

ಲಕ್ಷಣಗಳು ಮತ್ತು ಚಿಕಿತ್ಸೆ

ಎದೆನೋವು, ಹಠಾತ್ ಉಸಿರಾಟದ ತೊಂದರೆ, ರಕ್ತ ಮಿಶ್ರಿತ ಕಫ, ಪ್ರಜ್ಞೆ ತಪ್ಪುವುದು, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಮುಖ ಸೊಟ್ಟಗಾಗುವುದು ತುರ್ತು ಲಕ್ಷಣಗಳು. ಇವು ಕಂಡಾಗ 108 ಆಂಬುಲೆನ್ಸ್ ಸೇವೆಯನ್ನು ಕರೆಯಬೇಕು. ಮೊದಲು ಸುಲಭವಾಗಿ ಏರುತ್ತಿದ್ದ ತೋಟದ ಇಳಿಜಾರು ಈಗ ಏದುಸಿರು ತರುತ್ತಿದ್ದರೆ ಅದನ್ನು ಆಯಾಸವೆಂದು ಕಡೆಗಣಿಸದೆ ಇಸಿಜಿ, ಎಕೋ ಪರೀಕ್ಷೆಗಳಿಗೆ ಒಳಗಾಗುವುದು ಸೂಕ್ತ.

ರಕ್ತಹೆಪ್ಪು ಪತ್ತೆಯಾದವರಿಗೆ ಹೆಪ್ಪುರೋಧಕ ಔಷಧಗಳನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ನೀಡಲಾಗುತ್ತದೆ. ವಾರ್ಫರಿನ್ ಸೇವಿಸುವವರು ಐಎನ್‌ಆರ್ ರಕ್ತಪರೀಕ್ಷೆಯನ್ನು ನಿಯಮಿತವಾಗಿ ಮಾಡಿಸಬೇಕು. ಔಷಧವನ್ನು ತಾವಾಗಿಯೇ ನಿಲ್ಲಿಸಿದರೆ ಮತ್ತೆ ಹೆಪ್ಪುಗಟ್ಟುವ ಅಪಾಯವಿದೆ. ಪ್ರಮಾಣ ಮೀರಿದರೆ ರಕ್ತಸ್ರಾವವಾಗಬಹುದು. ಹೃದಯ ಸ್ನಾಯುವಿನ ಉರಿಯೂತದಿಂದ ಚೇತರಿಸಿಕೊಳ್ಳುತ್ತಿರುವವರು ವೈದ್ಯರು ಸೂಚಿಸುವವರೆಗೆ ಶ್ರಮದ ಕೆಲಸ ಹಾಗೂ ಕ್ರೀಡೆಗಳಿಂದ ದೂರವಿರಬೇಕಾಗುತ್ತದೆ.