ಚಿಕಿತ್ಸೆಗೆ ಸರ್ಕಾರ, ಆರೈಕೆಗೆ ಯಾರು?

ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಬಹುಮಂದಿ ಊರಿನಲ್ಲಿರುವ ತಂದೆತಾಯಿಯರ ಮುಪ್ಪನ್ನು ದೂರದಿಂದಲೇ ನೋಡುತ್ತಿದ್ದೇವೆ. ಆಸ್ಪತ್ರೆಯ ಖರ್ಚಿಗೆ ಕಾರ್ಡು, ವಿಮೆ, ಯೋಜನೆ ಎಂದು ಏನಾದರೊಂದು ಒದಗುತ್ತದೆ. ಆದರೆ ಸ್ನಾನ ಮಾಡಿಸಲು, ಹೊತ್ತಿಗೆ ಸರಿಯಾಗಿ ಊಟ ಮಾತ್ರೆ ಕೊಡಲು, ರಾತ್ರಿ ಎದ್ದಾಗ ಕೈಹಿಡಿಯಲು ಬೇಕಾದ ಹಣಕ್ಕೆ ಅಂಥ ಆಸರೆ ಬಹುತೇಕ ಇಲ್ಲ. ಚಿಕಿತ್ಸೆ ಮತ್ತು ಆರೈಕೆಗಳ ನಡುವೆ ಈ ಗೆರೆ ಬಿದ್ದದ್ದು ಹೇಗೆ? ಅಮೆರಿಕದ ಇತಿಹಾಸದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಅಲ್ಲಿ 20ನೆಯ ಶತಮಾನದ ಆರಂಭದವರೆಗೂ ದಿಕ್ಕಿಲ್ಲದ ವೃದ್ಧರ ಕೊನೆಯ ನೆಲೆ ಸ್ಥಳೀಯ ಆಡಳಿತದ ಬಡವರ ಮನೆಗಳಾಗಿದ್ದವು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಬಡ ವೃದ್ಧರಿಗೆ ನಗದು ನೆರವು ತಂದಿತು. ಆದರೆ ಸಾರ್ವಜನಿಕ ಸಂಸ್ಥೆಗಳ ನಿವಾಸಿಗಳಿಗೆ ಒಕ್ಕೂಟದ ಪಾಲು ಸಿಗದಂತೆ ಮಾಡಿತು. ಬಡವರ ಮನೆಗಳು ಮುಚ್ಚಲೆಂಬುದು ಆಶಯ. ಕೈಗೆ ಬಂದ ಹಣ ಹಿಡಿದು ವೃದ್ಧರು ಖಾಸಗಿ ವಸತಿಗಳಿಗೆ ಹೋದರು. ಅವುಗಳಲ್ಲಿ ಹಲವು ಮುಂದೆ ನರ್ಸಿಂಗ್ ಹೋಮ್‌ಗಳಾದವು. ನಮ್ಮಲ್ಲಿ ಆ ಹೆಸರು ಸಣ್ಣ ಆಸ್ಪತ್ರೆಗೆ ಸಲ್ಲುತ್ತದೆ. ಅಲ್ಲಿ ಅದು ಅಶಕ್ತರು ದೀರ್ಘಕಾಲ ವಾಸಿಸುವ ಮನೆ. 1954ರಲ್ಲಿ ಇವುಗಳ ನಿರ್ಮಾಣಕ್ಕೂ ಆಸ್ಪತ್ರೆಗಳಿಗೆ ಕೊಡುವ ಬಗೆಯ ಅನುದಾನ ದೊರೆತು, ಮುಪ್ಪಿನ ಮನೆ ಆಸ್ಪತ್ರೆಯ ರೂಪ ತಾಳಿತು.

1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಮೆಡಿಕೇರ್ ಮತ್ತು ಮೆಡಿಕೇಡ್‌ಗಳಿಗೆ ಸಹಿ ಹಾಕಿದರು. 65 ದಾಟಿದವರ ಮೆಡಿಕೇರ್ ಆಸ್ಪತ್ರೆ ವಿಮೆಯ ಅಚ್ಚಿನಲ್ಲಿ ಎರಕಗೊಂಡದ್ದು. ಸಾಮಾನ್ಯ ನಿಯಮದಂತೆ ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದವರಿಗೆ ನರ್ಸಿಂಗ್ ಹೋಮ್‌ನಲ್ಲಿ ಹೆಚ್ಚೆಂದರೆ 100 ದಿನಗಳ ಶುಶ್ರೂಷೆ; ಅದರಲ್ಲಿ ಪೂರ್ಣ ವೆಚ್ಚ ಸಿಗುವುದು ಮೊದಲ 20 ದಿನಗಳಿಗೆ ಮಾತ್ರ. ವರ್ಷಗಟ್ಟಲೆ ಬೇಕಾಗುವ ಆರೈಕೆಯನ್ನು ಬಡವರ ಮೆಡಿಕೇಡ್ ಹೊರುತ್ತದೆ. ಮಧ್ಯಮ ವರ್ಗದವರು ಆ ಬಾಗಿಲು ತಟ್ಟುವುದು ಉಳಿತಾಯ ಬಹುಪಾಲು ಕರಗಿದ ಮೇಲೆ. 1980ರ ದಶಕದಲ್ಲಿ ಆಸ್ಪತ್ರೆಯ ವಾಸನೆಯಿಲ್ಲದ, ಬಾಗಿಲಿಗೆ ಸ್ವಂತ ಚಿಲಕವಿರುವ ಅಸಿಸ್ಟೆಡ್ ಲಿವಿಂಗ್ ಆರೆಗನ್‌ನಂಥ ರಾಜ್ಯಗಳಲ್ಲಿ ಬೆಳೆಯಿತು. 1981ರ ಕಾಯ್ದೆಯ ವಿನಾಯಿತಿಯಿಂದ ರಾಜ್ಯಗಳು ಮನೆಯಲ್ಲಿ, ಇಂಥ ವಸತಿಗಳಲ್ಲಿ ನೀಡುವ ಸೇವೆಗೆ ಮೆಡಿಕೇಡ್ ಹಣ ಬಳಸುವಂತಾಯಿತು. ಆದರೆ ಕೋಣೆಯ ಬಾಡಿಗೆ ಮತ್ತು ಊಟದ ಖರ್ಚು ನಿವಾಸಿಯದೇ ಆಗಿ ಉಳಿಯಿತು.

ಬೇರೆ ದಾರಿ ಹಿಡಿದವರೂ ಉಂಟು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಆರೈಕೆಗೇ ಪ್ರತ್ಯೇಕ ವಿಮೆ ತಂದವು. ಜಪಾನಿನಲ್ಲಿ 40 ತುಂಬಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ. ಅಲ್ಲಿಯೂ 2005ರಿಂದ ಆರೈಕೆ ಸಂಸ್ಥೆಗಳಲ್ಲಿನ ವಸತಿ ಮತ್ತು ಊಟದ ವೆಚ್ಚ ವಿಮೆಯಿಂದ ಹೊರಬಿತ್ತು.

ನಮ್ಮ ದೇಶದ ಯೋಜನೆಗಳೂ ಆಸ್ಪತ್ರೆಯ ಸುತ್ತಲೇ ಬೆಳೆದವು. ಕೇಂದ್ರ ನೌಕರರ ಸಿಜಿಎಚ್ಎಸ್ 1954ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಅದರ ಬಲ ಇರುವುದು ಔಷಧಾಲಯ, ತಜ್ಞರು, ಆಸ್ಪತ್ರೆಗಳಲ್ಲಿ. 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ 70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿ. ಆದರೆ ಅದು ಒಳರೋಗಿ ಚಿಕಿತ್ಸೆಗೆ, ಜೊತೆಗೆ ಬಿಡುಗಡೆಯ ನಂತರದ 15 ದಿನಗಳಿಗೆ. ಹದಿನಾರನೆಯ ದಿನ ಬೆಳಗ್ಗೆ ಯಾರು ಬರುತ್ತಾರೆ ಎಂಬುದು ಯೋಜನೆಯ ಹೊರಗಿನ ಪ್ರಶ್ನೆ. 2007ರ ಹಿರಿಯ ನಾಗರಿಕರ ಕಾಯ್ದೆ ಜೀವನಾಂಶದ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತು. ಜಿಲ್ಲೆಗೊಂದಾದರೂ 150 ಮಂದಿಯ ವೃದ್ಧಾಶ್ರಮದ ಮಾತನ್ನಾಡಿತಾದರೂ ಅದು ನಿರ್ಗತಿಕರಿಗಾಗಿ.

ಆರೈಕೆಗೆ ಹೆಂಗಸರಿದ್ದಾರೆ, ಕೂಡುಕುಟುಂಬವಿದೆ ಎಂಬ ನಂಬಿಕೆ ಈ ಕಾನೂನುಗಳ ಬೆನ್ನಿಗಿತ್ತು. ಸೊಸೆ ಪುಣೆಯಲ್ಲಿ, ಮಗಳು ಚೆನ್ನೈಯಲ್ಲಿ ದುಡಿಯುವ ಕಾಲದಲ್ಲಿ ಆ ನಂಬಿಕೆ ನಿಲ್ಲದು. ಆದುದರಿಂದ ಕಾರ್ಡು ಮಾಡಿಸಿದೆವೆಂದು ನಿಶ್ಚಿಂತರಾಗದೆ, ತಿಂಗಳ ಆರೈಕೆಯ ಖರ್ಚನ್ನು ಒಡಹುಟ್ಟಿದವರು ಹಿರಿಯರೆದುರೇ ಕುಳಿತು ಲೆಕ್ಕಹಾಕುವುದು ಒಳಿತು. ಜೊತೆಗೆ ಆರೈಕೆಯ ವಿಮೆಗಾಗಿ ಸರ್ಕಾರವನ್ನು ಕೇಳುವುದೂ ನಮ್ಮ ಹಕ್ಕು.